ಇಗ್ನಾತಿಯ ಲೊಯೋಲನ ಚರಿತ್ರೆಯೂ ಅವನ ದಿನದಿನದ ಆತ್ಮಶೋಧನೆಯೂ

ಸಾಯಂಕಾಲದ ಕುಟುಂಬ ಪ್ರಾರ್ಥನೆ ಮುಗಿದು ದೀಪವನ್ನು ಸಣ್ಣದು ಮಾಡಿದ ಮೇಲೆ ಮನುಷ್ಯನು ತಾನು ಕಳೆದ ದಿನವನ್ನು ಕುರಿತು ಏನು ಯೋಚಿಸುತ್ತಾನೆಂಬದನ್ನು ನಾವು ಹಳ್ಳಿಯ ಸಭೆಗಳಲ್ಲಿ ಅನೇಕರೊಡನೆ ಮಾತಾಡಿ ತಿಳಿದಿದ್ದೇವೆ. ಕೆಲವರು ಏನನ್ನೂ ಯೋಚಿಸದೆ ಮಲಗುತ್ತಾರೆ. ಕೆಲವರಾದರೋ ತಮ್ಮ ತಪ್ಪುಗಳನ್ನು ಎಣಿಸಿ ಎಣಿಸಿ, ಎಂದೋ ಕ್ಷಮಿಸಲ್ಪಟ್ಟವುಗಳನ್ನೂ ತಿರಿಗಿ ಅಗೆದು ತೆಗೆದು, ನಿದ್ರೆಗೆಟ್ಟು ಕಳವಳಪಡುತ್ತಾರೆ. ಮೊದಲನೆಯವರಿಗೆ ಎಚ್ಚರಿಕೆಯ ಮಾತು ಸಭೆಯಲ್ಲಿ ಆಗಾಗ್ಗೆ ದೊರೆಯುತ್ತದೆ. ಎರಡನೆಯವರನ್ನು ಯಾರೂ ಅಷ್ಟಾಗಿ ವಿಚಾರಿಸುವದಿಲ್ಲ, ಯಾಕಂದರೆ ಹೊರಗಿನಿಂದ ನೋಡುವವರಿಗೆ ಅವರು ಬಹು ಭಕ್ತಿವಂತರಾಗಿಯೇ ಕಾಣುತ್ತಾರೆ.

ಈ ಇಬ್ಬರ ನಿಮಿತ್ತವೂ ನಾವು ಈ ಸಾರಿ ಒಬ್ಬನ ಚರಿತ್ರೆಯನ್ನು ಬರೆಯುತ್ತೇವೆ. ಅವನು ನಮ್ಮ ಸಭೆಯವನಲ್ಲ, ರೋಮನ್ ಕಥೋಲಿಕ ಸಭೆಯವನು. ಅಷ್ಟೇ ಅಲ್ಲ, ಕಾಲಕ್ರಮದಲ್ಲಿ ನಮ್ಮ ಸುಧಾರಕರಿಗೆ ಎದುರಾಗಿ ನಿಂತ ಯೇಸುಸಭೆಯೆಂಬ ಕೂಟವನ್ನು ಸ್ಥಾಪಿಸಿದವನು. ಇಂಥವನ ಚರಿತ್ರೆ ನಮಗೇತಕ್ಕೆಂದು ಕೆಲವರು ಕೇಳಬಹುದು. ಬಾವಿಗೆ ಬಿದ್ದು ಮೇಲಕ್ಕೆ ಬಂದವನಿಗೆ ಆ ಬಾವಿಯ ಯಾವ ಮೆಟ್ಟಲು ಸಡಿಲವಾಗಿದೆಯೆಂಬದು ಗೊತ್ತಿರುತ್ತದೆ; ಅವನ ಊರು ಯಾವದೆಂದು ವಿಚಾರಿಸಿದ ಮೇಲೆಯೇ ಅವನ ಮಾತಿಗೆ ಕಿವಿಗೊಡುವೆವೆನ್ನುವದು ಬುದ್ಧಿಯಲ್ಲವೆಂದು ನಾವು ಎಣಿಸುತ್ತೇವೆ.

ಸ್ಪೇನ್ ದೇಶದ ಉತ್ತರದಲ್ಲಿ ಬಾಸ್ಕ್ ಜನರು ವಾಸಿಸುವ ಗುಡ್ಡಗಾಡು ಸೀಮೆಯುಂಟು. ಅಲ್ಲಿ ಅಸ್ಪೇಯಿತಿಯ ಎಂಬ ಊರಿಗೆ ಸಮೀಪವಾದ ಲೊಯೋಲದ ಕೋಟೆಮನೆಯಲ್ಲಿ ಅವನು 1491 ರಲ್ಲಿ ಹುಟ್ಟಿದನು. ಮನೆಯ ಮಕ್ಕಳಲ್ಲಿ ಅವನೇ ಎಲ್ಲರಿಗಿಂತ ಕಿರಿಯವನು. ತಾಯಿಯು ಬೇಗನೆ ತೀರಿಕೊಂಡದ್ದರಿಂದ ಹತ್ತಿರದ ಒಬ್ಬ ಕಮ್ಮಾರನ ಹೆಂಡತಿಯು ಹಾಲುಕೊಟ್ಟು ಅವನನ್ನು ಸಾಕಿದಳು. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಇನ್ಯಿಗೋ ಎಂಬದು; ಇಗ್ನಾತಿಯನೆಂಬ ಹೆಸರನ್ನು ಅವನು ದೊಡ್ಡವನಾದ ಮೇಲೆ ಹಿಡಿದನು. ಹುಡುಗನಾಗಿರುವಾಗಲೇ ಕಸ್ತೀಲ ರಾಜ್ಯದ ಖಜಾನೆಯ ಅಧಿಕಾರಿಯೊಬ್ಬನ ಮನೆಗೆ ಸೇರಿ, ಅರಮನೆಯ ನಡೆನುಡಿಗಳನ್ನೂ ಕತ್ತಿವರಸೆಯನ್ನೂ ಅಂದವಾದ ಬರವಣಿಗೆಯನ್ನೂ ಕಲಿತನು. ಜೂಜು, ಜಗಳ, ಉಡಿಗೆತೊಡಿಗೆಯ ಹೆಮ್ಮೆ, ಸ್ತ್ರೀಯರ ವಿಷಯವಾದ ಹಗಲುಗನಸು, ಇವುಗಳಲ್ಲಿ ಅವನ ಯೌವನವು ಕಳೆಯಿತು. ಆ ಅಧಿಕಾರಿಯು 1517 ರಲ್ಲಿ ಸತ್ತಮೇಲೆ ನವಾರ ಸೀಮೆಯನ್ನು ಆಳುತ್ತಿದ್ದ ಪ್ರಭುವಿನ ಬಳಿಯಲ್ಲಿ ಕೆಲಸಕ್ಕೆ ನಿಂತನು.

1521 ನೆಯ ಮೇ ತಿಂಗಳ 20 ರಲ್ಲಿ ಫ್ರೆಂಚರು ಆ ಸೀಮೆಯ ಪಂಪ್ಲೋನ ಎಂಬ ಪಟ್ಟಣದ ಕೋಟೆಯನ್ನು ಹೊಡೆದರು. ಒಳಗಿದ್ದವರು ಸ್ವಲ್ಪ ಜನರು. ಮಿಕ್ಕವರೆಲ್ಲರೂ ಶರಣಾಗೋಣವೆಂದಾಗ ಇನ್ಯಿಗೋ ಒಬ್ಬನು ಒಪ್ಪದೆ ಅವರನ್ನು ನಿಲ್ಲಿಸಿದನು. ಆಗ ಫಿರಂಗಿಯ ಗುಂಡೊಂದು ಬಂದು ಅವನ ಬಲಗಾಲನ್ನು ಮುರಿದು ಎಡಗಾಲಿಗೂ ಗಾಯಮಾಡಿತು. ಅವನು ಬಿದ್ದ ಕೂಡಲೆ ಕೋಟೆಯೂ ಬಿದ್ದಿತು. ಇದಕ್ಕೆ ಒಂದೇ ತಿಂಗಳ ಹಿಂದೆ, ಅದೇ ವರುಷದ ಏಪ್ರಿಲಿನಲ್ಲಿ, ಜರ್ಮನಿಯ ವೋರ್ಮ್ಸ್ ಪಟ್ಟಣದಲ್ಲಿ ಮಾರ್ಟಿನ್ ಲೂಥರನು ಚಕ್ರವರ್ತಿಯ ಮುಂದೆ ನಿಂತಿದ್ದನೆಂಬದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ. ಮುಂದೆ ಅದರ ಪ್ರಸ್ತಾಪ ಬರುವದು.

ಗೆದ್ದವರು ಅವನಿಗೆ ಕರುಣೆ ತೋರಿಸಿ, ಡೋಲಿಯಲ್ಲಿ ಹೊರಿಸಿ ಲೊಯೋಲಕ್ಕೆ ಕಳುಹಿಸಿದರು. ಎಲುಬು ಸರಿಯಾಗಿ ಕೂಡಿಕೊಳ್ಳಲಿಲ್ಲವಾದ್ದರಿಂದ ವೈದ್ಯರು ಅದನ್ನು ತಿರಿಗಿ ಮುರಿದು ಕೂಡಿಸಿದರು. ನೋವು ತಿಳಿಯದಂತೆ ಮಾಡುವ ಔಷಧವು ಆ ಕಾಲದಲ್ಲಿ ಇರಲಿಲ್ಲ. ಸಾಯುವ ಹಾಗಿದ್ದು ಬದುಕಿದನು. ಆಮೇಲೆ ನೋಡಿದರೆ ಮೊಣಕಾಲಿನ ಕೆಳಗೆ ಒಂದು ಎಲುಬು ಮುಂದಕ್ಕೆ ಚಾಚಿಕೊಂಡಿತ್ತು. ಅಂದವಾದ ಬೂಟು ಹಾಕುವದಕ್ಕೆ ಅದು ಅಡ್ಡಿಯೆಂದು, ಅದನ್ನು ಕೊಯ್ದು ತೆಗೆಯಿರೆಂದು ಅವನೇ ಬೇಡಿಕೊಂಡು, ಆ ನೋವನ್ನೂ ಸಹಿಸಿದನು. ಬೂಟಿನ ಅಂದಕ್ಕಾಗಿ ಇಷ್ಟು ತಾಳಿದವನು ಮುಂದೆ ದೇವರಿಗಾಗಿ ಎಷ್ಟು ತಾಳಿಯಾನೆಂದು ನಾವು ಓದಿದಾಗ ಆಶ್ಚರ್ಯಪಟ್ಟೆವು. ಆದರೆ ಆ ಹಟವೇ ಅವನನ್ನು ಮುಂದೆ ಕೆಡಿಸುವದಕ್ಕೂ ಇತ್ತು.

ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಬಿದ್ದಿದ್ದಾಗ ವೀರರ ಕಥೆಗಳ ಪುಸ್ತಕವನ್ನು ಕೇಳಿದನು. ಅಂಥದು ಮನೆಯಲ್ಲಿ ಇರಲಿಲ್ಲ. ಕ್ರಿಸ್ತನ ಚರಿತ್ರೆಯನ್ನು ವಿವರಿಸುವ ಒಂದು ಗ್ರಂಥವೂ ಭಕ್ತರ ಚರಿತ್ರೆಗಳ ಒಂದು ಗ್ರಂಥವೂ ಇದ್ದವು, ಅವುಗಳನ್ನೇ ಕೊಟ್ಟರು. ಅವನು ಓದುವನು, ಪುಸ್ತಕವನ್ನು ಕೆಳಗಿಡುವನು, ಯೋಚಿಸುವನು. ಒಂದು ಸಾರಿ ತಾನು ಪ್ರೀತಿಸಿದ ಉನ್ನತ ಮನೆತನದ ಸ್ತ್ರೀಯ ವಿಷಯವಾಗಿ ಮೂರು ನಾಲ್ಕು ಗಂಟೆ ಕನಸು ಕಾಣುವನು. ಇನ್ನೊಂದು ಸಾರಿ, ಆ ಭಕ್ತರು ಮಾಡಿದ್ದನ್ನು ತಾನೂ ಯಾಕೆ ಮಾಡಬಾರದು, ಬರಿಗಾಲಲ್ಲಿ ಯೆರೂಸಲೇಮಿಗೆ ಯಾಕೆ ಹೋಗಬಾರದು ಎಂದು ಯೋಚಿಸುವನು. ಎರಡೂ ಯೋಚನೆಗಳು ಯೋಚಿಸುತ್ತಿರುವಾಗ ಸಿಹಿಯಾಗಿಯೇ ಇದ್ದವು. ಆದರೆ ಮೊದಲನೆಯದು ಹೋದ ಮೇಲೆ ಮನಸ್ಸು ಒಣಗಿ ಬೇಸರಗೊಳ್ಳುತ್ತಿತ್ತು; ಎರಡನೆಯದು ಹೋದ ಮೇಲೆಯೂ ಸಂತೋಷವು ನಿಂತಿರುತ್ತಿತ್ತು. ನೆಲ್ಲಿಕಾಯಿ ತಿಂದು ನೀರು ಕುಡಿದವನಿಗೆ ಹಿಂದಿನಿಂದ ಬರುವ ಸಿಹಿಯಂತೆ ಇದು. ಬಹುದಿನ ಅವನು ಇದನ್ನು ಲಕ್ಷಿಸಲಿಲ್ಲ. ಒಂದು ದಿನ ಕಣ್ಣು ಸ್ವಲ್ಪ ತೆರೆದು, ಈ ಭೇದವು ಎಲ್ಲಿಂದ ಬಂತೆಂದು ತನ್ನನ್ನು ತಾನೇ ಕೇಳಿಕೊಂಡನು. ಅವನ ಆತ್ಮಶೋಧನೆಯ ಬೀಜವು ಇದೇ. ಅದು ಪಾಪಗಳ ಎಣಿಕೆಯಿಂದ ಹುಟ್ಟಲಿಲ್ಲ, ತನ್ನೊಳಗೆ ಏನು ನಡೆಯುತ್ತದೆಂದು ಗಮನಿಸಿದ್ದರಿಂದ ಹುಟ್ಟಿತು.

ಅವನು ಅಲ್ಲಿಯೇ ಬರೆಯುವದಕ್ಕೆ ತೊಡಗಿದನು. ಸುಮಾರು 300 ಹಾಳೆಗಳ ಒಂದು ಪುಸ್ತಕವನ್ನು ಮಾಡಿಕೊಂಡು, ಓದಿದ ಗ್ರಂಥಗಳ ಸಾರವನ್ನು ತನ್ನ ಅಂದವಾದ ಅಕ್ಷರದಿಂದ ಅದರಲ್ಲಿ ತುಂಬಿಸಿದನು. ಕ್ರಿಸ್ತನ ಮಾತುಗಳನ್ನು ಕೆಂಪು ಶಾಯಿಯಲ್ಲಿಯೂ ಮರಿಯಳ ಮಾತುಗಳನ್ನು ನೀಲಿ ಶಾಯಿಯಲ್ಲಿಯೂ ಬರೆದನು.

ಕಾಲು ಗುಣವಾದ ಮೇಲೆ 1522 ರಲ್ಲಿ ಮನೆಯನ್ನು ಬಿಟ್ಟು ಹೊರಟನು. ದಾರಿಯಲ್ಲಿ ಒಬ್ಬ ಮುಸಲ್ಮಾನನು ಜೊತೆಯಾಗಿ, ಮಾತು ಬೆಳೆದು, ಮರಿಯಳ ಕನ್ನಿಕೆಯತನದ ವಿಷಯದಲ್ಲಿ ವಾದವಾಯಿತು. ಆ ಮನುಷ್ಯನು ಮುಂದಕ್ಕೆ ಹೋದ ಮೇಲೆ ಇನ್ಯಿಗೋವಿಗೆ, ಹಿಂದಟ್ಟಿ ಇರಿಯಲೋ ಬಿಟ್ಟುಬಿಡಲೋ ಎಂದು ತಿಳಿಯದಾಯಿತು. ಕೊನೆಗೆ ತಾನು ಹತ್ತಿದ್ದ ಹೇಸರಕತ್ತೆಯ ಲಗಾಮನ್ನು ಸಡಿಲಬಿಟ್ಟು, ಅದು ಹಿಡಿದ ದಾರಿಯೇ ತೀರ್ಪಾಗಲೆಂದನು. ಹೇಸರಕತ್ತೆಯು ಬೇರೆ ದಾರಿಯನ್ನು ಹಿಡಿಯಿತು. ಒಂದು ಪ್ರಾಣ ಉಳಿಯಿತು. ಮುಂದೆ ಸಾವಿರಾರು ಜನರಿಗೆ ಮನಸ್ಸನ್ನು ವಿವೇಚಿಸುವ ವಿಧವನ್ನು ಕಲಿಸಿದವನು ಆ ದಿನ ತನ್ನ ವಿವೇಚನೆಯನ್ನು ಪ್ರಾಣಿಗೆ ಬಿಟ್ಟುಕೊಟ್ಟನೆಂಬದು ನಗುವ ವಿಷಯವಾದರೂ, ಅದನ್ನು ಮುಚ್ಚಿಡದೆ ಮುದುಕನಾದ ಮೇಲೆ ಅವನೇ ಹೇಳಿ ಬರೆಯಿಸಿದನು.

ಮೊನ್ಸೆರಾತ್ ಎಂಬ ಬೆಟ್ಟದ ಮಠಕ್ಕೆ ಹೋಗಿ, ಹುಟ್ಟಿದಂದಿನಿಂದ ಮಾಡಿದ ಪಾಪಗಳನ್ನೆಲ್ಲಾ ಬರೆದು, ಮೂರು ದಿವಸಗಳ ಕಾಲ ಪಾದ್ರಿಗೆ ನಿವೇದನೆ ಮಾಡಿದನು. ತನ್ನ ಒಳ್ಳೇ ಬಟ್ಟೆಗಳನ್ನು ಒಬ್ಬ ಬಡವನಿಗೆ ಕೊಟ್ಟು, ಗೋಣಿಯಂಥ ಒರಟು ಬಟ್ಟೆಯನ್ನು ಉಟ್ಟು, ಹತ್ತಿರದ ಮನ್ರೆಸ ಊರಿಗೆ ಇಳಿದನು. ಆ ಬಡವನನ್ನು ಕಳ್ಳನೆಂದು ಹಿಡಿದರೆಂದು ಕೇಳಿ ಅತ್ತನು.

ಮನ್ರೆಸದಲ್ಲಿ ಅವನು ಇದ್ದದ್ದು ಸುಮಾರು ಹನ್ನೊಂದು ತಿಂಗಳು. ಭಿಕ್ಷೆ ಬೇಡಿ ಉಣ್ಣುತ್ತಾ, ಕೂದಲನ್ನೂ ಉಗುರನ್ನೂ ಕತ್ತರಿಸದೆ, ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದನು. ಮೊದಲಲ್ಲಿ ಸಮಾಧಾನವಿತ್ತು. ಆಮೇಲೆ ಒಂದು ಸಂಶಯವು ಹೊಕ್ಕಿತು: ಮೊನ್ಸೆರಾತಿನಲ್ಲಿ ಎಲ್ಲವನ್ನೂ ಹೇಳಿದೆನೋ, ಒಂದನ್ನಾದರೂ ಬಿಟ್ಟೆನೋ? ತಿರಿಗಿ ನಿವೇದಿಸಿದನು, ಸಮಾಧಾನವಾಗಲಿಲ್ಲ. ಇನ್ನೂ ಸಣ್ಣದನ್ನು ಹುಡುಕಿ ನಿವೇದಿಸಿದನು. ಸಂಶಯವು ಇನ್ನೂ ಸಣ್ಣದಕ್ಕೆ ಹೋಯಿತು. ಹಳೇ ಪಾಪಗಳನ್ನು, ಬಹಳ ಸ್ಪಷ್ಟವಾದದ್ದೇನಾದರೂ ಇದ್ದ ಹೊರತು, ಇನ್ನು ಹೇಳಬೇಡವೆಂದು ಪಾದ್ರಿಯು ಆಜ್ಞಾಪಿಸಿದನು. ಇವನಿಗೆ ಎಲ್ಲವೂ ಸ್ಪಷ್ಟವಾದದ್ದೇ ಆಗಿತ್ತು. ದೊಮಿನಿಕರ ಮಠದಲ್ಲಿ ಅವನು ಇಳುಕೊಂಡಿದ್ದ ಕೋಣೆಯಲ್ಲಿ ಒಂದು ದೊಡ್ಡ ಕಂಡಿಯಿತ್ತು. ಅದರೊಳಗಿಂದ ಕೆಳಗೆ ಬಿದ್ದು ಪ್ರಾಣ ಕಳಕೊಳ್ಳಬೇಕೆಂಬ ಯೋಚನೆಯು ಬಲವಾಗಿ ಅನೇಕ ಸಾರಿ ಬಂತು. ಹಾಗೆ ಮಾಡುವದು ಪಾಪವೆಂದು ನೆನಸಿ, ದೇವರಿಗೆ ಬೇಸರಪಡಿಸುವದನ್ನು ಮಾಡಲಾರೆನೆಂದು ಕೂಗಿಕೊಂಡು ತಡೆದುಕೊಂಡನು. ದೇವರು ಉತ್ತರಕೊಡುವ ತನಕ ಉಣ್ಣುವದಿಲ್ಲವೆಂದು ಒಂದು ವಾರ ಪೂರ್ತಿ ಉಪವಾಸವಿದ್ದನು. ಪಾದ್ರಿಯು ಕೇಳಿ, ಕೂಡಲೆ ಉಣ್ಣಬೇಕೆಂದು ಗದರಿಸಿದನು. ವಿಧೇಯನಾಗಿ ಉಂಡನು, ಎರಡು ದಿನ ಸಂಶಯವಿರಲಿಲ್ಲ, ಮೂರನೆಯ ದಿನ ಪ್ರಾರ್ಥನೆಯಲ್ಲಿರುವಾಗ ಅವು ದಾರದಿಂದ ಪೋಣಿಸಿದಂತೆ ಒಂದರ ಹಿಂದೆ ಒಂದಾಗಿ ತಿರಿಗಿ ಬಂದವು.

ವಾಚಕರೇ, ಇದನ್ನು ನಾವು ವಿಸ್ತಾರವಾಗಿ ಬರೆದದ್ದಕ್ಕೆ ಕಾರಣವುಂಟು. ಈತನು ಅಲಕ್ಷ್ಯದಿಂದ ಕೆಡುತ್ತಿರಲಿಲ್ಲ, ಲಕ್ಷ್ಯದಿಂದಲೇ ಕೆಡುತ್ತಿದ್ದನು. ಲೂಥರನೂ ಎರ್ಫುರ್ತಿನ ಮಠದಲ್ಲಿ ಸನ್ಯಾಸಿಯಾಗಿದ್ದಾಗ ಇದೇ ಕುಣಿಯಲ್ಲಿ ಬಿದ್ದು, ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಹೊರಟು ಬಂದ ಕೂಡಲೆ ಇನ್ನೊಂದು ನೆನಪಾಗಿ ಒದ್ದಾಡಿದ್ದನೆಂಬದು ನಮ್ಮವರಿಗೆ ಗೊತ್ತು. ಅವನು ಸತ್ಯವೇದವನ್ನು ಶೋಧಿಸಿ, ಮನುಷ್ಯನು ನಂಬಿಕೆಯಿಂದ ನೀತಿವಂತನಾಗುತ್ತಾನೆಂಬದರಲ್ಲಿ ಬಿಡುಗಡೆಯನ್ನು ಕಂಡನು. ಇನ್ಯಿಗೋ ಬೇರೆ ದಾರಿಯಿಂದ ಹೊರಗೆ ಬಂದನು. ಲೊಯೋಲದ ಹಾಸಿಗೆಯಲ್ಲಿ ಕಲಿತದ್ದನ್ನು ಅವನು ಈ ಸಂಶಯಗಳಿಗೇ ಹಚ್ಚಿ ನೋಡಿದನು: ಇವು ಯಾವಾಗ ಬರುತ್ತವೆ, ಎಲ್ಲಿಗೆ ಎಳೆಯುತ್ತವೆ, ಬಂದು ಹೋದ ಮೇಲೆ ಏನನ್ನು ಬಿಟ್ಟುಹೋಗುತ್ತವೆ? ಈ ಜೀವವೇ ಬೇಡವೆಂಬಲ್ಲಿಗೆ ಅವು ತನ್ನನ್ನು ತರುತ್ತವೆಂದು ಕಂಡನು. ದೇವರಿಂದ ಬಂದದ್ದು ಹಾಗೆ ಮಾಡದೆಂದು ನಿಶ್ಚಯಿಸಿ, ಕಳೆದುಹೋದ ಪಾಪಗಳಲ್ಲಿ ಒಂದನ್ನೂ ಇನ್ನು ಮೇಲೆ ನಿವೇದಿಸುವದಿಲ್ಲವೆಂದು ಸ್ಪಷ್ಟವಾಗಿ ತೀರ್ಮಾನಿಸಿದನು. ಆ ದಿನದಿಂದ ಸಂಶಯಗಳು ಬಿಟ್ಟುಹೋದವು. ಕರ್ತನು ಕರುಣೆಯಿಂದ ತನ್ನನ್ನು ಬಿಡಿಸಿದನೆಂದೇ ಅವನು ಕೊನೆಯ ವರೆಗೂ ನಂಬಿದನು. ಆಮೇಲೆ ಕೂದಲನ್ನೂ ಉಗುರನ್ನೂ ಕತ್ತರಿಸಿಕೊಂಡನು.

ಆ ಊರಿನಲ್ಲಿಯೇ ಅವನು ತನ್ನ ಆತ್ಮದಲ್ಲಿ ಕಂಡ ಪ್ರಯೋಜನಕರವಾದ ಸಂಗತಿಗಳನ್ನು ಒಂದು ಪುಸ್ತಕದಲ್ಲಿ ಗುರುತುಹಾಕುತ್ತಾ ಬಂದನು. ಅನೇಕ ವರುಷ ತಿದ್ದಿ ಬೆಳಸಿದ ಆ ಬರಹಗಳೇ ಆತ್ಮಿಕ ಸಾಧನೆಗಳು ಎಂಬ ಗ್ರಂಥವಾಗಿ 1548 ರಲ್ಲಿ ರೋಮಿನಲ್ಲಿ ಅಚ್ಚಾಯಿತು. ದಿನದಿನದ ಆತ್ಮಶೋಧನೆಯ ಕ್ರಮವು ಅದರಲ್ಲಿ ಎರಡು ವಿಧವಾಗಿ ಬರೆದಿದೆ.

ಒಂದನೆಯ ವಿಧವು, ಒಂದೇ ಒಂದು ದೋಷವನ್ನು ಆರಿಸಿಕೊಂಡು ಅದರೊಡನೆ ಹೋರಾಡುವದು. ಬೆಳಿಗ್ಗೆ ಎದ್ದ ಕೂಡಲೆ ಈ ದೋಷದಿಂದ ಈ ದಿನ ಎಚ್ಚರವಾಗಿರುವೆನೆಂದು ನಿರ್ಣಯಿಸಬೇಕು. ಮಧ್ಯಾಹ್ನದ ಊಟವಾದ ಮೇಲೆ, ಎದ್ದ ಹೊತ್ತಿನಿಂದ ಗಂಟೆ ಗಂಟೆಯಾಗಿ ನೋಡಿ, ಎಷ್ಟು ಸಾರಿ ಬಿದ್ದೆನೆಂದು ಒಂದು ಗೆರೆಯ ಮೇಲೆ ಅಷ್ಟು ಚುಕ್ಕೆಗಳನ್ನು ಇಡಬೇಕು. ರಾತ್ರಿಯ ಊಟದ ತರುವಾಯ ಹಾಗೆಯೇ ಎರಡನೆಯ ಗೆರೆಯ ಮೇಲೆ ಇಡಬೇಕು. ವಾರಕ್ಕೆ ಏಳು ಜೋಡಿ ಗೆರೆಗಳು. ದೋಷವು ಕಡಿಮೆಯಾಗುತ್ತಾ ಹೋಗಬೇಕೆಂಬ ನಿರೀಕ್ಷೆಯಿಂದ ಅವು ದಿನದಿನಕ್ಕೆ ಚಿಕ್ಕದಾಗುತ್ತಾ ಹೋಗುತ್ತವೆ. ಆಮೇಲೆ ರಾತ್ರಿಯನ್ನು ಮಧ್ಯಾಹ್ನದೊಡನೆಯೂ, ಈ ದಿನವನ್ನು ನಿನ್ನೆಯೊಡನೆಯೂ, ಈ ವಾರವನ್ನು ಹೋದ ವಾರದೊಡನೆಯೂ ಹೋಲಿಸಿ ನೋಡಬೇಕು. ಬಿದ್ದ ಗಳಿಗೆಯಲ್ಲಿಯೇ ಎದೆಯ ಮೇಲೆ ಕೈಯಿಟ್ಟು ದುಃಖಪಡಬೇಕೆಂದೂ ಅವನು ಹೇಳುತ್ತಾನೆ. ನಾಲ್ಕು ಜನರ ನಡುವೆ ಇದ್ದರೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು. ಅಕ್ಷರ ಬಾರದ ನಮ್ಮ ವೃದ್ಧರಿಗೂ, ಹೊಲದಲ್ಲಿ ಕಳೆ ಕೀಳುವ ತಾಯಂದಿರಿಗೂ ಗೆರೆ ಚುಕ್ಕೆಗಳಿಗಿಂತ ಈ ಕೈಯೇ ಸಾಕೆಂದು ನಮಗೆ ತೋರುತ್ತದೆ.

ಅಂಗಡಿಯವನ ಉದ್ರಿ ಪುಸ್ತಕವನ್ನು ಕಂಡವರಿಗೆ ಈ ಗೆರೆಗಳು ಹೊಸದಲ್ಲ. ಆದರೆ ಅಪಾಯವೂ ಅಲ್ಲಿಯೇ ಇದೆ. ಚುಕ್ಕೆಗಳು ಕಡಿಮೆಯಾದಾಗ ದೇವರಿಗೆ ಸಾಲ ತೀರಿಸಿದೆವೆಂಬ ಹೆಮ್ಮೆಯೂ, ಹೆಚ್ಚಾದಾಗ ಆತನು ಬಾಗಿಲು ಮುಚ್ಚಿದನೆಂಬ ಹೆದರಿಕೆಯೂ ಬರುತ್ತದೆ. ನಾವು ಸೆಮಿನರಿಯಲ್ಲಿದ್ದ ದಿನಗಳಲ್ಲಿ ಇಂಥದೇ ಒಂದು ಲೆಕ್ಕವನ್ನು ಇಟ್ಟು, ಮೂರು ವಾರಗಳೊಳಗೆ ಈ ಎರಡನ್ನೂ ಕಂಡು, ಪುಸ್ತಕವನ್ನು ಪೆಟ್ಟಿಗೆಯ ಅಡಿಗೆ ಹಾಕಿದೆವು. ಎರಡನೆಯ ವಿಧವನ್ನು ಆಗ ನಾವು ಓದಿದ್ದರೂ ಅದರ ಮೊದಲನೆಯ ಮೆಟ್ಟಲನ್ನು ದಾಟಿಬಿಟ್ಟಿದ್ದೆವು.

ಆ ಎರಡನೆಯ ವಿಧವು ಇಡೀ ದಿನವನ್ನು ಶೋಧಿಸುವದು. ಅದಕ್ಕೆ ಐದು ಮೆಟ್ಟಲುಗಳು. ಕೊನೆಯ ನಾಲ್ಕನ್ನು ಯಾವ ಉಪದೇಶಕನಾದರೂ ಹೇಳಿಯಾನು: ತನ್ನ ಪಾಪಗಳನ್ನು ತಿಳಿದುಕೊಂಡು ಬಿಟ್ಟುಬಿಡುವದಕ್ಕೆ ಕೃಪೆಯನ್ನು ಬೇಡುವದು, ಎದ್ದದ್ದು ಮೊದಲುಗೊಂಡು ಈ ತನಕ ಯೋಚನೆ, ಮಾತು, ಕ್ರಿಯೆ ಎಂಬ ಕ್ರಮದಿಂದ ಮನಸ್ಸನ್ನು ಲೆಕ್ಕ ಕೇಳುವದು, ಕ್ಷಮೆ ಬೇಡುವದು, ಆತನ ಕೃಪೆಯಿಂದ ತಿದ್ದಿಕೊಳ್ಳುವೆನೆಂದು ನಿರ್ಣಯಿಸುವದು. ಇವು ಮುಗಿದ ಮೇಲೆ ಕರ್ತನು ಕಲಿಸಿದ ಪ್ರಾರ್ಥನೆ. ಆದರೆ ಇವೆಲ್ಲಕ್ಕೂ ಮುಂದಾಗಿ ಅವನು ಇಟ್ಟದ್ದು, ದೇವರಿಂದ ಹೊಂದಿದ ಉಪಕಾರಗಳಿಗೋಸ್ಕರ ಆತನನ್ನು ಸ್ತುತಿಸುವದು. ಪಾಪವನ್ನು ಹುಡುಕುವದಕ್ಕೆ ಮುಂಚೆ, ಹುಡುಕುವದಕ್ಕೆ ಕೃಪೆಯನ್ನು ಬೇಡುವದಕ್ಕೂ ಮುಂಚೆ, ಸ್ತುತಿ. ಮನ್ರೆಸದ ಕಂಡಿಯ ಬಳಿಯಲ್ಲಿ ನಿಂತು ಬಂದವನಲ್ಲದೆ ಬೇರೊಬ್ಬನು ಬರೆದಿದ್ದರೆ ಈ ಮೆಟ್ಟಲನ್ನು ಕೊನೆಗೆ ಇಡುತ್ತಿದ್ದನೆಂದು ನಮ್ಮ ಅಭಿಪ್ರಾಯ. ಸಾಲಗಾರನು ಧಣಿಯ ಕಚೇರಿಗೆ ಹೋಗುವದು ಒಂದು ತರ. ಮಗನು ಮೈಯೆಲ್ಲಾ ಕೆಸರುಮಾಡಿಕೊಂಡು ತಂದೆಯ ಮನೆಗೆ ಬರುವದು ಇನ್ನೊಂದು ತರ. ಕೆಸರು ಎರಡು ಕಡೆಯೂ ಕಾಣುತ್ತದೆ. ಆದರೆ ಮಗನು ಹೊಸ್ತಿಲಲ್ಲಿಯೇ ನಿಂತಿರುವದಿಲ್ಲ.

1523 ರಲ್ಲಿ ಅವನು ಯೆರೂಸಲೇಮಿಗೆ ಹೋದನು. ಅಲ್ಲಿಯೇ ಉಳಿಯಬೇಕೆಂದಿದ್ದರೂ ಅಲ್ಲಿನ ಫ್ರಾನ್ಸಿಸ್ಕರ ಅಧಿಕಾರಿಗಳು ಒಪ್ಪದೆ ಕಳುಹಿಸಿಬಿಟ್ಟರು. ಜನರಿಗೆ ಸಹಾಯ ಮಾಡಬೇಕಾದರೆ ವಿದ್ಯೆ ಬೇಕೆಂದು ತಿಳಿದು, ಮೂವತ್ತಮೂರು ವರುಷದವನು ಬಾರ್ಸೆಲೋನದಲ್ಲಿ ಚಿಕ್ಕ ಹುಡುಗರೊಡನೆ ಬೆಂಚಿನ ಮೇಲೆ ಕೂತು ಲತೀನ್ ಭಾಷೆಯನ್ನು ಕಲಿಯತೊಡಗಿದನು. ಅಲ್ಲಿ ನಡೆದದ್ದೊಂದು ಕೇಳತಕ್ಕದ್ದು. ಪಾಠವನ್ನು ಬಾಯಿಪಾಠ ಮಾಡುವದಕ್ಕೆ ಕೂತ ಕೂಡಲೆ ಅವನಿಗೆ ಪರಲೋಕದ ವಿಷಯಗಳಲ್ಲಿ ಹೊಸ ಹೊಸ ಬೆಳಕೂ ಸವಿಯೂ ಉಂಟಾಗಿ, ಪಾಠವು ತಲೆಗೆ ಹತ್ತುತ್ತಿರಲಿಲ್ಲ. ಇದನ್ನು ಯಾರು ಕೆಟ್ಟದ್ದೆನ್ನುವರು? ಆದರೆ ಅವನು ತನ್ನ ರೂಢಿಯಂತೆ ಶೋಧಿಸಿ, ಪ್ರಾರ್ಥನೆಗೆ ನಿಂತಾಗಲೂ ಬಲಿಪೂಜೆಯಲ್ಲಿಯೂ ಇಷ್ಟು ಬೆಳಕು ಬರುವದಿಲ್ಲವೆಂದು ಕಂಡು, ಇದು ಶೋಧನೆಯೇ ಎಂದು ತೀರ್ಮಾನಿಸಿದನು. ಗುರುವನ್ನು ಒಂದು ದೇವಾಲಯಕ್ಕೆ ಕರಕೊಂಡು ಹೋಗಿ ಎಲ್ಲವನ್ನೂ ತಿಳಿಸಿ, ಬಾರ್ಸೆಲೋನದಲ್ಲಿ ರೊಟ್ಟಿಯೂ ನೀರೂ ಸಿಕ್ಕುವ ತನಕ ಈ ಎರಡು ವರುಷ ಪಾಠವನ್ನು ತಪ್ಪಿಸುವದಿಲ್ಲವೆಂದು ಮಾತುಕೊಟ್ಟನು. ಆ ತೊಂದರೆ ತಿರಿಗಿ ಬರಲಿಲ್ಲ. ಭಕ್ತಿಯ ನೆವದಿಂದ ಕೈಗೆ ಬಂದ ಕೆಲಸವನ್ನು ಬಿಡುವವರು ನಮ್ಮಲ್ಲಿಯೂ ಇಲ್ಲವೆನ್ನಲಾರೆವು.

ಮುಂದೆ ಅಲ್ಕಾಲ, ಸಲಮಾಂಕ ಎಂಬ ವಿದ್ಯಾಪಟ್ಟಣಗಳಲ್ಲಿ ಓದುತ್ತಾ, ಸಾಮಾನ್ಯ ಜನರಿಗೂ, ಹೆಚ್ಚಾಗಿ ಸ್ತ್ರೀಯರಿಗೆ, ದಿನದಿನದ ಆತ್ಮಶೋಧನೆಯನ್ನು ಕಲಿಸುತ್ತಿದ್ದನು. ಓದು ಮುಗಿಯದವನು ಬೋಧಿಸುವದೇನೆಂದು ಸಭಾಧಿಕಾರಿಗಳಿಗೆ ಅನುಮಾನ ಹುಟ್ಟಿತು. ಅಲ್ಕಾಲದಲ್ಲಿ 42 ದಿನ, ಸಲಮಾಂಕದಲ್ಲಿ 22 ದಿನ ಸೆರೆಯಲ್ಲಿದ್ದನು. ಬೋಧನೆಯಲ್ಲಿ ತಪ್ಪು ಸಿಕ್ಕಲಿಲ್ಲ. ಆದಾಗ್ಯೂ ಇನ್ನು ನಾಲ್ಕು ವರುಷ ಓದುವ ತನಕ ಯಾವದು ಮರಣಕರ ಪಾಪ, ಯಾವದು ಅಲ್ಪ ಪಾಪವೆಂದು ಜನರಿಗೆ ವಿಂಗಡಿಸಿ ಹೇಳಬಾರದೆಂದು ಸಲಮಾಂಕದವರು ಕಟ್ಟಳೆಮಾಡಿದರು. ಅವನು ಆ ದೇಶವನ್ನೇ ಬಿಟ್ಟು 1528 ರಲ್ಲಿ ಕಾಲುನಡಿಗೆಯಿಂದ ಪ್ಯಾರಿಸ್ ಸೇರಿದನು.

ಪ್ಯಾರಿಸಿನ ವಿದ್ಯಾಶಾಲೆಯಲ್ಲಿ ಅವನೊಂದಿಗೆ ಒಂದೇ ಕೋಣೆಯಲ್ಲಿದ್ದವರು ಇಬ್ಬರು. ಒಬ್ಬನು ಫ್ರಾನ್ಸಿಸ್ ಕ್ಸೇವಿಯರನು. 1542 ರಲ್ಲಿ ಗೋವೆಗೆ ಬಂದಿಳಿದವನು ಇವನೇ. ಇನ್ನೊಬ್ಬನು ಪೇತ್ರ ಫಾಬರನು, ಸವೋಯದ ಬೆಟ್ಟಗಳಲ್ಲಿ ಕುರಿ ಕಾಯ್ದ ಹುಡುಗ, ಬುದ್ಧಿವಂತ, ಮೃದುಸ್ವಭಾವದವನು. ಫಾಬರನು ಇಗ್ನಾತಿಯನಿಗೆ ಅರಿಸ್ಟಾಟಲನ ಶಾಸ್ತ್ರವನ್ನು ಹೇಳಿಕೊಡುತ್ತಿದ್ದನು. ಆದರೆ ಅವನ ಹೃದಯವು ಸಂಶಯಗಳಿಂದಲೂ ತನ್ನ ಪಾಪಗಳ ಭಯದಿಂದಲೂ ಬೆಂದುಹೋಗಿತ್ತು. ಇಗ್ನಾತಿಯನು ನೋಡಿದ ಕೂಡಲೆ ಆ ರೋಗವನ್ನು ಗುರುತಿಸಿದನು. ಅವಸರಪಡಲಿಲ್ಲ. ಒಂದು ಸಾರಿ ಎಲ್ಲವನ್ನೂ ನಿವೇದಿಸಿ ಮುಗಿಸಿಬಿಟ್ಟು, ಆಮೇಲೆ ವಾರಕ್ಕೊಮ್ಮೆ ನಿವೇದನೆಯನ್ನೂ ದಿನಕ್ಕೊಮ್ಮೆ ಆತ್ಮಶೋಧನೆಯನ್ನೂ ಮಾಡೆಂದು ಹೇಳಿ, ಬೇರೆ ಸಾಧನೆಗಳನ್ನು ಕೊಡದೆ ಸುಮಾರು ನಾಲ್ಕು ವರುಷ ಕಾದನು. ಫಾಬರನು ಗುಣವಾದನು. ಅವನೂ 1542 ರಲ್ಲಿ ಜರ್ಮನಿಯಲ್ಲಿರುವಾಗ ಒಂದು ದಿನಚರಿಯನ್ನು ಬರೆಯತೊಡಗಿದನು. ಅದರ ಮೊದಲನೆಯ ಪುಟಗಳು ತಾನು ಚಿಕ್ಕಂದಿನಿಂದ ದೇವರಿಂದ ಹೊಂದಿದ ಉಪಕಾರಗಳ ನೆನಪುಗಳಿಂದಲೇ ತುಂಬಿವೆ. ಗುರುವು ಕಲಿಸಿದ ಮೊದಲನೆಯ ಮೆಟ್ಟಲನ್ನು ಶಿಷ್ಯನು ಮರೆಯಲಿಲ್ಲ.

1534 ನೆಯ ಆಗಸ್ಟ್ 15 ರಲ್ಲಿ ಈ ಮೂವರೂ ಬೇರೆ ನಾಲ್ವರೂ ಪ್ಯಾರಿಸಿನ ಮೊಂಮಾರ್ತ್ರ ಗುಡ್ಡದ ಮೇಲೆ ಬಡತನದ ಹರಕೆಯನ್ನು ಮಾಡಿದರು. 1540 ರಲ್ಲಿ ಪೋಪರು ಯೇಸುಸಭೆಯನ್ನು ಅಂಗೀಕರಿಸಿದರು. ಮರುವರುಷ ಇಗ್ನಾತಿಯನೇ ಅದರ ಮುಖ್ಯಸ್ಥನಾದನು. ನಮ್ಮ ಸೀಮೆಯಲ್ಲಿ ಈ ಸಭೆಯವರು 1880 ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜನ್ನು ಅನೇಕ ವಾಚಕರು ಕಂಡಿರಬಹುದು. ಓದುವ ಯುವಕರಿಗೆ ಇಗ್ನಾತಿಯನು ದೀರ್ಘವಾದ ಪ್ರಾರ್ಥನೆಗಳನ್ನು ಕಟ್ಟಳೆ ಮಾಡಲಿಲ್ಲ. ಆದರೆ ದಿನಕ್ಕೆ ಎರಡು ಸಾರಿ ಆತ್ಮಶೋಧನೆಯನ್ನು ಮಾತ್ರ ಬಿಡಗೊಡಲಿಲ್ಲ. ಅವನಾದರೋ ಜೀವಮಾನವೆಲ್ಲಾ ದಿನವನ್ನು ದಿನದೊಡನೆಯೂ ವಾರವನ್ನು ವಾರದೊಡನೆಯೂ ತಿಂಗಳನ್ನು ತಿಂಗಳೊಡನೆಯೂ ಹೋಲಿಸಿ ನೋಡುತ್ತಿದ್ದನೆಂದು ಅವನ ಜೊತೆಗಾರನಾದ ಲಾಯ್ನೆಸನು ಬರೆದಿದ್ದಾನೆ.

ಇನ್ನು ಅವನ ದಿನಚರಿಯ ವಿಷಯ. ರೋಮಿನಲ್ಲಿ ಸಭೆಯ ಕಟ್ಟಳೆಗಳನ್ನು ಬರೆಯುತ್ತಿರುವಾಗ ಒಂದು ಪ್ರಶ್ನೆ ಬಂತು: ತಮ್ಮ ಮನೆಗಳ ದೇವಾಲಯಗಳಿಗೆ ಸ್ಥಿರವಾದ ವರಮಾನವಿರಬಹುದೋ, ಬರೇ ಭಿಕ್ಷೆಯಿಂದಲೇ ನಡೆಯಬೇಕೋ? ಹೌದು ಅಲ್ಲಗಳ ಕಾರಣಗಳನ್ನು ಕಾಗದದ ಮೇಲೆ ಬರೆದು, 1544 ನೆಯ ಫೆಬ್ರವರಿ 2 ರಿಂದ ಮಾರ್ಚ್ 12 ರ ವರೆಗೆ ನಾಲ್ವತ್ತು ದಿನಗಳು ಪ್ರಾರ್ಥಿಸುತ್ತಾ, ಪ್ರತಿದಿನವೂ ತನ್ನ ಹೃದಯದಲ್ಲಿ ಆದದ್ದನ್ನು ಗುರುತುಹಾಕಿದನು. ಅದರಲ್ಲಿ ಉಪದೇಶವಿಲ್ಲ, ಅಲಂಕಾರವಿಲ್ಲ. ಬೇರೊಬ್ಬನು ಓದುವನೆಂದು ಬರೆದದ್ದೇ ಅಲ್ಲ. ಎಷ್ಟು ಹೊತ್ತು ಕಣ್ಣೀರು ಬಂತು, ಯಾವಾಗ ನಿಂತಿತು, ಯಾವ ಪ್ರಾರ್ಥನೆಯಲ್ಲಿ ಮನಸ್ಸು ಬೆಚ್ಚಗಾಯಿತು, ಯಾವದರಲ್ಲಿ ತಣ್ಣಗಾಯಿತು, ಇಷ್ಟೇ. ಒಂದು ದಿನ ಸ್ತೋತ್ರಮಾಡುತ್ತಿರುವಾಗ ಪಕ್ಕದ ಕೋಣೆಯಲ್ಲಿ ಸದ್ದಾಗಿ, ಅದನ್ನು ನಿಲ್ಲಿಸುವದಕ್ಕೆ ಎದ್ದುಹೋದನು. ಮರುದಿನ ಅದು ತನಗೆ ದೊಡ್ಡ ತಪ್ಪಾಗಿ ಕಂಡಿತೆಂದು ಬರೆದು ಕ್ಷಮೆ ಬೇಡಿದನು. ಇಪ್ಪತ್ತೆರಡು ವರುಷಗಳ ಹಿಂದೆಯಾಗಿದ್ದರೆ ಇಂಥದೊಂದು ಅವನನ್ನು ಕಂಡಿಯ ಬಳಿಗೆ ತಂದಿರುತ್ತಿತ್ತು. ಈಗ ಬೇಡಿದನು, ಕಾದನು, ಮುಂದಕ್ಕೆ ಹೋದನು.

ನಾಲ್ವತ್ತನೆಯ ದಿನ ಇನ್ನೊಂದನ್ನು ಗುರುತುಹಾಕಿದನು. ವಿಷಯವು ತೀರ್ಮಾನವಾಗಿದ್ದರೂ ದೊಡ್ಡ ಆನಂದದಿಂದ ಅದನ್ನು ಮುಗಿಸಬೇಕೆಂಬ ಆಶೆಯಿಂದ, ಇನ್ನೂ ಗುರುತು ಬೇಕು, ಇನ್ನೂ ಕಣ್ಣೀರು ಬೇಕೆಂದು ತಾನು ಹುಡುಕುತ್ತಿದ್ದೇನೆಂದು ಕಂಡನು. ಇದು ದೇವರ ಚಿತ್ತವನ್ನು ಹುಡುಕುವದಲ್ಲ, ತನ್ನ ಸುಖವನ್ನೇ ಹುಡುಕುವದೆಂದು ತಿಳಿದು ಅಲ್ಲಿಗೆ ನಿಲ್ಲಿಸಿದನು. ವರಮಾನವು ಬೇಡವೆಂಬದೇ ತೀರ್ಮಾನ. ಅದೇ ಮಾರ್ಚ್ ತಿಂಗಳ ಕೊನೆಯಲ್ಲಿ, ದೇವರ ಮುಂದೆ ತನಗೆ ಇರಬೇಕಾದ ದೀನತೆಯು ಭಯದಿಂದಲ್ಲ, ಪ್ರೀತಿಯಿಂದ ಹುಟ್ಟಬೇಕೆಂದು ಬರೆದುಕೊಂಡನು. ಪಾಪಗಳನ್ನು ಎಣಿಸುತ್ತಾ ಹೊರಟವನು ಬಂದು ಸೇರಿದ್ದು ಇಲ್ಲಿಗೆ. ಪಾದ್ರಿಗೆ ಪಾಪನಿವೇದನೆ, ಮರಿಯಳ ಮಧ್ಯಸ್ಥಿಕೆ, ದೇಹದಂಡನೆ ಎಂಬಿವುಗಳಲ್ಲಿ ನಾವು ಅವನ ಹಿಂದೆ ಹೋಗಲಾರೆವು. ಈ ಒಂದು ಸಾಲಿನ ಮುಂದೆ ಮಾತ್ರ ನಾವು ಬಹಳ ಹೊತ್ತು ಕೂತಿದ್ದೆವು.

ಕೊನೆಯ ವರುಷಗಳಲ್ಲಿ ಜೊತೆಗಾರರ ಒತ್ತಾಯದಿಂದ, 1553 ರಿಂದ 1555 ರ ವರೆಗೆ, ತನ್ನ ಜೀವನವನ್ನು ಗೊನ್ಸಾಲ್ವೆಸ್ ಕಾಮರನೆಂಬ ಪೋರ್ಚುಗೀಸ ಪಾದ್ರಿಗೆ ಬಾಯಿಂದ ಹೇಳಿ ಬರೆಯಿಸಿದನು. 1556 ನೆಯ ಜುಲೈ 30 ರ ಸಾಯಂಕಾಲ, ಮೈಯಲ್ಲಿ ಬಹಳ ನಿತ್ರಾಣವಾಗಿ, ಪೋಪರ ಆಶೀರ್ವಾದವನ್ನು ಕೇಳಿ ಬರಬೇಕೆಂದು ತನ್ನ ಕಾರ್ಯದರ್ಶಿಯಾದ ಪೊಲಾಂಕನಿಗೆ ಹೇಳಿದನು. ಬರೆದು ಕಳುಹಿಸಬೇಕಾದ ಕಾಗದಗಳಿದ್ದವು, ವೈದ್ಯರಿಗೂ ಗಾಬರಿಯಿರಲಿಲ್ಲ. ನಾಳೆ ಹೋದರಾಗದೋ ಎಂದು ಪೊಲಾಂಕನು ಕೇಳಿದನು. ನಿಮಗೆ ತೋರಿದಂತೆ ಮಾಡಿರೆಂದು ಇಗ್ನಾತಿಯನು ಬಿಟ್ಟುಕೊಟ್ಟನು. 31 ರ ಬೆಳಿಗ್ಗೆ, ಪೊಲಾಂಕನು ಹೋಗಿ ಬರುವದರೊಳಗೆ, ಗದ್ದಲವೇನೂ ಇಲ್ಲದೆ ಪ್ರಾಣಬಿಟ್ಟನು. ಆಗ ಅವನ ಸಭೆಯಲ್ಲಿ ಸುಮಾರು 1000 ಜನರಿದ್ದರು. 1622 ರಲ್ಲಿ ರೋಮನ್ ಸಭೆಯು ಅವನನ್ನು ಸಂತನೆಂದು ಸಾರಿತು.

ಕಾಮರನಿಗೆ ತನ್ನ ಕಥೆಯನ್ನು ಹೇಳಿ ಮುಗಿಸಿದ ದಿನಗಳಲ್ಲಿ ಅವನು ಬರಹಗಳ ದೊಡ್ಡ ಕಟ್ಟೊಂದನ್ನು ತಂದು ತೋರಿಸಿ, ಅದರಿಂದ ಕೆಲವು ಭಾಗಗಳನ್ನು ಓದಿ ಹೇಳಿದ್ದನು. ಕಟ್ಟೆಲ್ಲವನ್ನೂ ಸ್ವಲ್ಪ ಹೊತ್ತು ತನ್ನ ಬಳಿಯಲ್ಲಿ ಬಿಡಬೇಕೆಂದು ಕಾಮರನು ಬೇಡಿದಾಗ ಒಪ್ಪಲಿಲ್ಲ. ಆ ಕಟ್ಟಿನಲ್ಲಿ ಎರಡು ಚಿಕ್ಕ ಪುಸ್ತಕಗಳು ಮಾತ್ರ ಉಳಿದಿವೆ. ಮೊದಲನೆಯದು 1892 ರಲ್ಲಿಯೂ ಎರಡೂ ಒಟ್ಟಿಗೆ 1934 ರಲ್ಲಿಯೂ ಅಚ್ಚಾದವು. ಎರಡನೆಯದರ ಕೊನೆಯ ತಾರೀಕು 1545 ನೆಯ ಫೆಬ್ರವರಿ 27. ಆ ಪುಟಗಳಲ್ಲಿ ದಿನಕ್ಕೊಂದು ಸಾಲು, ಕಣ್ಣೀರು ಬಂತು, ಬರಲಿಲ್ಲ ಎಂಬ ಗುರುತು, ಅಷ್ಟೇ.